ಮೊದಲು ಭಾರ, ಆಮೇಲೆ ಕಮಾನು

ಅವರು ಮನುಷ್ಯರ ಮುಖ ನೋಡುವ ಮೊದಲು ಗಾಡಿಯ ಹಿಂಬದಿ ನೋಡುತ್ತಿದ್ದರು. ಹಿಂದಿನ ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಇರುವ ಸಂದಿಯಲ್ಲಿ ಬೆರಳು ಅಡ್ಡ ಇಟ್ಟು, "ಮೂರು ಬಟ್ಟ... ಮೂರೂವರಿ" ಎಂದು ಗೊಣಗಿ, ಆಮೇಲೆ ತಲೆ ಎತ್ತಿ, "ಆರಾಮ ಅದೀರೇನ್ರಿ?" ಎನ್ನುತ್ತಿದ್ದರು. ನಾವು ಎಷ್ಟು ಆರಾಮವಾಗಿದ್ದೇವೆ ಎಂಬುದು ಆ ಸಂದಿಯಿಂದಲೇ ಅವರಿಗೆ ಗೊತ್ತಾಗಿರುತ್ತಿತ್ತೇನೋ ಎಂದು ನನಗೆ ಈಗಲೂ ಅನುಮಾನ.

ಹೋದ ತಿಂಗಳು ಅವರ ಮಗಳು ಫೋನ್ ಮಾಡಿದ್ದಳು. ಇಲ್ಲೇ, ಅಮೆರಿಕದಲ್ಲೇ ಹುಟ್ಟಿದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದಿಲ್ಲ. "ಅಬ್ಬಾ ಹೋಗಿಬಿಟ್ಟರು ಆಂಟಿ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕನ್ನಡದಲ್ಲಿ ಸಮಾಧಾನ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಅತ್ತಳು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಗ್ಯಾರೇಜಿನ ಬೋರ್ಡಿನ ಮೇಲೇ ಹೆಸರು ಹಾಕಿಸಿಕೊಳ್ಳದ ಮನುಷ್ಯ ಅವರು. ನಾನು ಯಾರು ಬರೆಯೋಕೆ? ನಾವೆಲ್ಲ ಮೇಸ್ತ್ರಿ ಅಂತಲೇ ಕರೆಯುತ್ತಿದ್ದೆವು.

ಡಾಟ್‌ಕಾಂ ಅಮಲು ನೆತ್ತಿಗೇರಿದ್ದ ಕಾಲ ಅದು. ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಾಂಡ್ರಿ ರೂಮಿಗೆ ಹೋದರೂ ಯಾರಾದರೊಬ್ಬರು ತಮ್ಮ ಹೊಸ ಕಂಪನಿಯ ವಿಷಯ ತೆಗೆಯುತ್ತಿದ್ದರು. ನಾನು ಒಂದು ಚಿಪ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ನಮ್ಮ ಯಜಮಾನರು ಒಂದು ಸ್ಟಾರ್ಟ್‌ಅಪ್ಪಿನಲ್ಲಿದ್ದರು. ಅಲ್ಲಿ ಕುರ್ಚಿಗಿಂತ ಆಟದ ಮೇಜೇ ಜಾಸ್ತಿ. ಅಂಥ ದಿನಗಳಲ್ಲಿ ಒಂದು ಶನಿವಾರ ಅವರು, ನನಗೊಂದು ಮಾತೂ ಹೇಳದೆ, ಒಂದು ಹಳೇ ಪಿಕಪ್ ಟ್ರಕ್ಕನ್ನೂ ಅದರ ಬೆನ್ನ ಮೇಲೆ ಒಂದು ಕ್ಯಾಂಪರನ್ನೂ ಹೊಡೆದುಕೊಂಡು ಬಂದರು. ಕ್ಯಾಂಪರ್ ಅಂದರೆ ಟ್ರಕ್ಕಿನ ಹಿಂದಿನ ತೊಟ್ಟಿಯೊಳಕ್ಕೆ ಜಾರಿಸಿ ಕೂರಿಸುವ ಪುಟ್ಟ ಮನೆ; ಸೀಟಿನಿಂದ ಅದರೊಳಕ್ಕೆ ದಾರಿಯಿಲ್ಲ, ಗಾಡಿ ನಿಲ್ಲಿಸಿ ಇಳಿದು ಹಿಂದಿನ ಬಾಗಿಲಿನಿಂದಲೇ ಹೋಗಬೇಕು. ಮಂಚ, ಒಲೆ, ಫ್ರಿಜ್ಜು, ಸಿಂಕು, ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕಕ್ಕಸು.

ನಾನು ಕೂಗಾಡಿದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು ಅಂತ ನಮ್ಮ ಕಡೆಯವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ. ಅವರು ಸುಮ್ಮನೆ ಕೇಳಿಸಿಕೊಂಡು, ಆ ಕಕ್ಕಸಿನ ಬಾಗಿಲು ತೆಗೆದು ತೋರಿಸಿದರು. "ಅಮ್ಮನಿಗೆ" ಎಂದರು.

ನಮ್ಮತ್ತೆ ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದರು. ಅದರಲ್ಲಿ ನಾಲ್ಕು ತಿಂಗಳು ಆಗಲೇ ಮುಗಿದಿತ್ತು. ಹಿಂದಿನ ವರ್ಷ ಅವರಿಗೊಂದು ಆಪರೇಷನ್ ಆಗಿತ್ತು; ಆಮೇಲೆ ಮೂತ್ರ ಹೆಚ್ಚು ಹೊತ್ತು ತಡೆಯಲು ಆಗುತ್ತಿರಲಿಲ್ಲ. ಮನೆಯಲ್ಲಿದ್ದರೆ ಏನೂ ತೊಂದರೆಯಿಲ್ಲ. ಬಂದ ಹೊಸತರಲ್ಲಿ ಒಂದು ಶುಕ್ರವಾರ ಸಂಜೆ ಅವರನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಡಿಸಿಕೊಂಡು ಹೋದೆವು. ಸುನೋಲ್ ಏರಿನಲ್ಲಿ ಗಾಡಿಗಳು ನಿಂತುಬಿಟ್ಟವು. ಅತ್ತೆ ಮೂರು ಸಲ, "ಎಲ್ಲಾದರೂ ಸ್ವಲ್ಪ ನಿಲ್ಸಪ್ಪ" ಎಂದರು. ಫ್ರೀವೇ ಮಧ್ಯದಲ್ಲಿ ಎಲ್ಲಿ ನಿಲ್ಲಿಸುವುದು? "ಐದೇ ನಿಮಿಷ ಅಮ್ಮ" ಎಂದು ಮಗ ಮೂರು ಸಲವೂ ಹೇಳಿದರು. ನಾಲ್ಕನೇ ಸಲ ಅತ್ತೆ ಕೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಅಷ್ಟೆ. ದೇವಸ್ಥಾನಕ್ಕೆ ಹೋಗಲಿಲ್ಲ. ಮನೆಗೆ ಬಂದು, ನಾನು ಬೇಡ ಬೇಡ ಅಂದರೂ ಕೇಳದೆ, ಬಕೆಟ್ಟು ಸೋಪು ಹಿಡಿದು ಆ ಸೀಟನ್ನು ತಾವೇ ತೊಳೆದರು.

ಆಮೇಲೆ ಅವರು ಕಾರು ಹತ್ತಲಿಲ್ಲ. ಗ್ರೋಸರಿಗೆ ಕರೆದರೆ ಮಂಡಿನೋವು, ಸಮುದ್ರ ನೋಡಲು ಕರೆದರೆ ಏಕಾದಶಿ. ಬಾಲ್ಕನಿಯಲ್ಲಿ ಕೂತು ಎದುರಿನ ಪಾರ್ಕಿಂಗ್ ಲಾಟು ನೋಡುತ್ತಿದ್ದರು. ಯಾವ ಕಾರು ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು ಅವರಿಗೆ ಬಾಯಿಪಾಠವಾಗಿತ್ತು. ಇನ್ನೆರಡು ತಿಂಗಳಲ್ಲಿ ಈ ಪಾರ್ಕಿಂಗ್ ಲಾಟನ್ನಷ್ಟೇ ನೋಡಿಕೊಂಡು ಊರಿಗೆ ಹೋಗುತ್ತಾರಲ್ಲ ಅಂತ ನನಗೂ ಸಂಕಟವಾಗುತ್ತಿತ್ತು. ಉತ್ತರದ ಕರಾವಳಿಯ ರೆಡ್‌ವುಡ್ ಮರಗಳನ್ನಾದರೂ ತೋರಿಸಬೇಕು ಅಂತ ಅವರ ಮಗನ ಆಸೆ. ಕ್ಯಾಂಪರ್ ನೋಡಿ ಅತ್ತೆ, "ಇದರಲ್ಲಾದ್ರೆ ಬರ್ತೀನಿ" ಎಂದರು. ಅಷ್ಟು ಅಂದದ್ದೇ ನಮಗೆ ದೊಡ್ಡದು.

ಮೇಸ್ತ್ರಿ ಸಿಕ್ಕಿದ್ದು ಎಲ್ ಕಮೀನೋ ರಸ್ತೆಯ ಒಂದು ಇಂಡಿಯನ್ ಅಂಗಡಿಯ ಮುಂದೆ. ಕ್ಯಾಂಪರ್ ಹೊತ್ತ ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲಕ್ಕೆದ್ದಿತ್ತು. ಎದುರಿನಿಂದ ಬರುವವರೆಲ್ಲ ಕಣ್ಣಿಗೆ ಬೆಳಕು ಹೊಡೆಯಿತೆಂದು ಹಾರ್ನ್ ಹಾಕಿ ಬೈಯುತ್ತಿದ್ದರು. ಸ್ಟೀರಿಂಗು ಕೈಗೆ ಸಿಗುವುದಿಲ್ಲ, ದೋಣಿ ಥರ ತೇಲುತ್ತದೆ ಅಂತ ನಮ್ಮವರೇ ಒಪ್ಪಿಕೊಂಡಿದ್ದರು. ಆ ವಿಷಯಕ್ಕೇ ಅಂಗಡಿ ಮುಂದೆ ನಮ್ಮಿಬ್ಬರ ಜಗಳ ನಡೆದಿತ್ತು, ಕನ್ನಡದಲ್ಲಿ, ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಅನ್ನುವ ಧೈರ್ಯದ ಮೇಲೆ. ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದು ಒಬ್ಬರು ಹತ್ತಿರ ಬಂದರು. ಐವತ್ತೈದು ದಾಟಿದ ವಯಸ್ಸು, ಗೋರಂಟಿ ಬಣ್ಣದ ಗಡ್ಡ, ಎಷ್ಟು ತೊಳೆದರೂ ಹೋಗದ ಗ್ರೀಸು ಮೆತ್ತಿದ ಉಗುರು.

"ಸರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಗಾಡಿ ಲೈಟು ಚುಕ್ಕಿ ಎಣಸಾಕತ್ತಾವು."

ಹುಬ್ಬಳ್ಳಿ ಮಾತು ಕೇಳಿ ನನಗೆ ನಗು ಬಂತು, ನಮ್ಮವರಿಗೆ ಬರಲಿಲ್ಲ. ಆ ಮನುಷ್ಯ ಆಗಲೇ ಬಗ್ಗಿ ಹಿಂದಿನ ಚಕ್ರದ ಸಂದಿಗೆ ಬೆರಳು ಇಟ್ಟಾಗಿತ್ತು. ಎರಡು ಬೆರಳೂ ಹೋಗಲಿಲ್ಲ.

ಅವರ ಗ್ಯಾರೇಜು ಹತ್ತಿರದಲ್ಲೇ ಇತ್ತು. ಒಂದು ಉದ್ದನೆಯ ಶೆಡ್ಡು. ಅರ್ಧದಲ್ಲಿ ಒಬ್ಬ ಮೆಕ್ಸಿಕನ್ ಬ್ರೇಕ್ ಕೆಲಸ ಮಾಡುತ್ತಿದ್ದ, ಇನ್ನರ್ಧದಲ್ಲಿ ಇವರ ಕಮಾನು ಕೆಲಸ, ಅಂದರೆ ಚಕ್ರದ ಮೇಲೆ ಭಾರ ಹೊರುವ, ಉಕ್ಕಿನ ಪಟ್ಟಾ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿನ ಕೆಲಸ. ಶುಕ್ರವಾರ ಮಧ್ಯಾಹ್ನ ಇವರು ನಮಾಜಿಗೆ ಹೋದಾಗ ಅವನು ಇವರ ಫೋನ್ ಎತ್ತುತ್ತಿದ್ದ, ಭಾನುವಾರ ಅವನು ಚರ್ಚಿಗೆ ಹೋದಾಗ ಇವರು ಅವನದನ್ನು. ಹೊಸದಾಗಿ ದುಡ್ಡು ಕಂಡ ಹುಡುಗರು ಅಲ್ಲಿಗೆ ಬಂದು ಕಾರು ನೆಲಕ್ಕೆ ತಗ್ಗಿಸಿ ಕೊಡಿ ಅನ್ನುತ್ತಿದ್ದರು, ಟ್ರಕ್ಕು ಆಕಾಶಕ್ಕೆ ಎತ್ತಿ ಕೊಡಿ ಅನ್ನುತ್ತಿದ್ದರು. ಮೇಸ್ತ್ರಿ ಅರ್ಧಕ್ಕರ್ಧ ಜನರನ್ನು ವಾಪಸು ಕಳಿಸುತ್ತಿದ್ದರು. "ಸುಮ್ನ ಇದ್ದ ಗಾಡೀನ ಕುಕ್ಕರಗಾಲ್ನಾಗ ಕುಂದ್ರಸಂದ್ರ ಹೆಂಗ್ರಿ? ಅದಕ್ಕೇನು ಶಿಕ್ಷಾ?" ಎಂದು ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದರು. ನಗುವಾಗ ಬಾಯಿಗೆ ಮೊಣಕೈ ಅಡ್ಡ ಹಿಡಿಯುತ್ತಿದ್ದರು, ಅಂಗೈ ಯಾವಾಗಲೂ ಎಣ್ಣೆಯಾಗಿರುತ್ತಿದ್ದುದರಿಂದ.

ಅವರದೊಂದು ಪದ್ಧತಿಯಿತ್ತು. ಮೊದಲು ಭಾರ, ಆಮೇಲೆ ಕಮಾನು. ಗಾಡಿ ಎಷ್ಟು ಹೊರುತ್ತಿದೆ ಅಂತ ತೂಗದೆ ಅವರು ಒಂದು ನಟ್ಟೂ ಬಿಚ್ಚುತ್ತಿರಲಿಲ್ಲ. ಅದೂ ಬರೀ ಗಾಡಿಯಲ್ಲ, ಪ್ರಯಾಣದ ದಿನ ಏನೇನು ಇರುತ್ತದೋ ಅದಷ್ಟೂ, ಯಾರ್ಯಾರು ಕೂರುತ್ತಾರೋ ಅವರಷ್ಟೂ. ಮುಂದಿನ ಶನಿವಾರ ಎಲ್ಲ ತುಂಬಿಕೊಂಡು ಬನ್ನಿ ಎಂದರು.

ನಮ್ಮವರಿಗೆ ಅಷ್ಟು ತಾಳ್ಮೆ ಎಲ್ಲಿ? ಇಂಟರ್‌ನೆಟ್ಟಿನಲ್ಲಿ ಯಾರೋ ಬರೆದದ್ದು ಓದಿ, ವಾರದ ನಡುವೆ ಇನ್ನೊಂದು ಕಡೆ ಹೋಗಿ, ಹಿಂದಿನ ಅಚ್ಚಿನ ಮೇಲೆ ಎರಡು ಗಾಳಿಚೀಲ ಹಾಕಿಸಿಕೊಂಡು ಬಂದರು. ಪಂಪಿನಿಂದ ಗಾಳಿ ತುಂಬಿದರೆ ಗಾಡಿಯ ಹಿಂಭಾಗ ಉಸ್ಸೆಂದು ಮೇಲಕ್ಕೆದ್ದು ನೆಟ್ಟಗಾಯಿತು. ಶನಿವಾರ ಗೆದ್ದ ಮುಖ ಮಾಡಿಕೊಂಡು ಹೋಗಿ ಮೇಸ್ತ್ರಿಗೆ ತೋರಿಸಿದರು. ಅವರು ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಗಾಡಿ ನೆಟ್ಟಗ ನಿಂತೈತಿ ಸರ. ಭಾರ ಎಲ್ಲಿ ಹೋತು?"

"ಏರ್‌ಬ್ಯಾಗ್ ಹೊರುತ್ತಲ್ಲ ಮೇಸ್ತ್ರಿ?"

"ಅದು ಮ್ಯಾಲಕ್ಕ ಎತ್ತೈತಿ, ಖರೆ. ಅಚ್ಚು ಹಳೇದ, ಬ್ರೇಕು ಹಳೇದ, ಟೈರು ಹಳೇದ. ಹೊರಾವ್ರು ಅವ್ರಲ್ಲೇನು? ನೋಡೋರ ಕಣ್ಣಿಗೆ ಗಾಡಿ ಆರಾಮ ಕಾಣ್ತೈತಿ, ಅಷ್ಟ."

ನಮ್ಮವರು ಎಂಜಿನಿಯರು, ಅರ್ಥವಾಗದೆ ಇರುವ ಮಾತೇನೂ ಅಲ್ಲ ಅದು.

ಜಲ್ಲಿಕಲ್ಲು ಮಾರುವವರ ಅಂಗಳದಲ್ಲಿ ಲಾರಿ ತೂಗುವ ಒಂದು ವೇಬ್ರಿಜ್ಜು ಇತ್ತು, ಅಲ್ಲಿಗೆ ಹೋದೆವು. ಅತ್ತೆಯೂ ಬಂದಿದ್ದರು. ಎಷ್ಟೋ ವಾರಗಳ ಮೇಲೆ ಅವರು ಮನೆಯಿಂದ ಹೊರಬಿದ್ದದ್ದು ಆವತ್ತೇ. ರೇಷ್ಮೆ ಸೀರೆ ಉಟ್ಟಿದ್ದರು, ವೇಬ್ರಿಜ್ಜಿಗೆ! ತೂಕದ ಚೀಟಿ ಬಂತು. ನಮ್ಮವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದಕ್ಕಿಂತ ಎಷ್ಟೋ ಜಾಸ್ತಿ. ಡ್ರೈವರ್ ಬಾಗಿಲಿನ ಒಳಗೆ, ಈ ಗಾಡಿ ಇಷ್ಟನ್ನು ಹೊರಬಹುದು ಅಂತ ಕಂಪನಿಯವರು ಅಂಟಿಸಿರುವ ಚೀಟಿಯಿರುತ್ತದೆ. ಅದಕ್ಕಂತೂ ಹೋಲಿಸುವ ಹಾಗೇ ಇರಲಿಲ್ಲ.

ಮೇಸ್ತ್ರಿ ಕ್ಯಾಂಪರಿನೊಳಗೆ ಹೋಗಿ ಒಂದೊಂದಾಗಿ ಬಾಗಿಲು ತೆಗೆದರು. ಅಕ್ಕಿಮೂಟೆ. ಈಳಿಗೆಮಣೆ. ಎರಡು ಕುಕ್ಕರು. ಕಲ್ಲಿನ ಗುಂಡಿರುವ ಗ್ರೈಂಡರು. "ನಾಲ್ಕು ದಿನಕ್ಕ ಹೊಂಟೀರೋ, ಹೋಟೆಲ್ ಇಡಾಕ ಹೊಂಟೀರೋ?" ಎಂದರು. ಆಮೇಲೆ ನೀರಿನ ಟ್ಯಾಂಕನ್ನು ಗೆಣ್ಣಿನಿಂದ ತಟ್ಟಿದರು. ಮೇಲಿನವರೆಗೂ ತುಂಬಿದ ಸದ್ದು. ಹೋಗುವಾಗ ಟ್ಯಾಂಕು ಖಾಲಿ ಇರಲಿ, ತಂಗುವ ಕಡೆ ನಲ್ಲಿ ಸಿಗುತ್ತದೆ ಅಂತ ಅವರು ಮೊದಲೇ ಹೇಳಿದ್ದರು. ನಮ್ಮವರು ಖಾಲಿ ಮಾಡಿಯೂ ಇದ್ದರು.

ಅತ್ತೆ ಸೆರಗು ಸರಿಮಾಡಿಕೊಂಡರು. "ನಾನೇ ತುಂಬಿಸಿದ್ದು ಕಣಪ್ಪ, ಬೆಳಿಗ್ಗೆ ಪೈಪು ಹಾಕಿ. ಹೊಸ ಗಾಡಿ ಮೊದಲನೇ ಸಲ ಹೊರಡೋದು. ಖಾಲಿ ಕೊಡ ಇಟ್ಕೊಂಡು ಯಾರಾದ್ರೂ ಹೊರಡ್ತಾರಾ?"

ನಾನು ಹಣೆ ಚಚ್ಚಿಕೊಂಡೆ. ಮೇಸ್ತ್ರಿ ನಗಲಿಲ್ಲ. "ಖರೆ ಐತ್ರಿ ಅಮ್ಮಾರ. ನಮ್ಮವ್ವನೂ ಬಿಡ್ತಿದ್ದಿಲ್ಲ" ಎಂದರು. ಆದರೆ ನೀರು, ಅಕ್ಕಿ, ಗ್ರೈಂಡರು ಎಲ್ಲ ಕಳೆದರೂ ಭಾರ ಹೆಚ್ಚೇ ಉಳಿಯುತ್ತಿತ್ತು. ಕೈ ಒರೆಸಿಕೊಂಡು, ನಮ್ಮವರ ಕಡೆ ತಿರುಗಿ, "ಇದು ಆಗೂದಿಲ್ರಿ ಸರ. ನಾ ಪಟ್ಟಾ ಹಾಕೂದಿಲ್ಲ. ಇದನ್ನ ಮಾರಿ ಹಗರಂದು ತಗೋರಿ. ಕಕ್ಕಸು, ಟ್ಯಾಂಕು ಇಲ್ಲದ್ವು ಸಿಗ್ತಾವು. ಈ ದೇಶದಾಗ ದಾರಿ ಮ್ಯಾಲ ಕಕ್ಕಸಕ್ಕೇನು ಬರಗಾಲ?" ಎಂದರು.

ನಮ್ಮವರು ನೆಲ ನೋಡಿದರು. ತಾಯಿಯ ವಿಷಯ ಹೊರಗಿನ ಗಂಡಸಿನ ಮುಂದೆ ಹೇಗೆ ಹೇಳುವುದು? ನನಗೆ ಎಲ್ಲಿತ್ತೋ ಸಿಟ್ಟು, "ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಏನು ತಗೋಬೇಕು ಅಂತ ಉಪದೇಶ ಬೇಡ. ನಮಗೂ ಕಾರಣ ಇರುತ್ತೆ" ಎಂದುಬಿಟ್ಟೆ. ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

ಆಗ ಅತ್ತೆ ಮಾತಾಡಿದರು. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ.

"ಮೇಸ್ತ್ರಿಗಳೇ, ಅವಳನ್ನ ಬೈಕೋಬೇಡಿ. ಅದು ನನಗೆ ಬೇಕಾಗಿರೋದು. ಆಪರೇಷನ್ ಆದ್ಮೇಲೆ ನನಗೆ ತಡೆಯೋಕಾಗಲ್ಲ. ಕಾರಲ್ಲಿ ಒಂದ್ಸಲ ಮಾನ ಹೋಯ್ತು. ಮಗನಿಗೆ ನಿಲ್ಸು ನಿಲ್ಸು ಅಂತ ಎಷ್ಟು ಸಲ ಹೇಳೋದು? ನಾನು ಹೆತ್ತ ಮಗ, ಆದ್ರೂ ನಾಚಿಕೆ ಆಗ್ತದೆ. ಅದಕ್ಕೇ ಎಲ್ಲೂ ಹೋಗಲ್ಲ ಅಂತ ಕೂತ್ಬಿಟ್ಟಿದ್ದೆ."

ಜಲ್ಲಿ ತುಂಬಿದ ಲಾರಿಯೊಂದು ಹಿಂದೆ ಬಂದು ಹಾರ್ನ್ ಹೊಡೆಯಿತು. ನಾವು ವೇಬ್ರಿಜ್ಜಿನ ಮೇಲೇ ನಿಂತಿದ್ದೆವು. ಮೇಸ್ತ್ರಿ ಅದರ ಡ್ರೈವರಿಗೆ ಕೈ ಎತ್ತಿ ತೋರಿಸಿ, ಅತ್ತೆಯ ಕಡೆ ನೋಡದೆಯೇ, "ಬರೂ ಶನಿವಾರ ಗಾಡಿ ನನ್ನ ಕಡೆ ಬಿಡ್ರಿ. ಕಕ್ಕಸೊಂದು ಬಿಟ್ಟು ಒಳಗಿಂದು ಎಲ್ಲಾ ತಗೀತೀನಿ" ಎಂದರು.

ಮೂರು ಶನಿವಾರ ಹಿಡಿಯಿತು. ಮೊದಲು ಚಾವಣಿಯ ಮೇಲಿದ್ದ ಏರ್ ಕಂಡೀಷನರು ಇಳಿಯಿತು. ಆಮೇಲೆ ಓವನ್ನು, ಫ್ರಿಜ್ಜು, ಊಟದ ಮೇಜು, ಎರಡನೇ ಗ್ಯಾಸ್ ಸಿಲಿಂಡರು, ಕೊನೆಗೆ ಕಪಾಟಿನ ಬಾಗಿಲುಗಳೂ. ಬಿಚ್ಚಿದ್ದನ್ನೆಲ್ಲ ಬಚ್ಚಲಮನೆಯ ತೂಕದ ಮೆಷಿನ್ನಿನ ಮೇಲಿಟ್ಟು, ಗ್ಯಾರೇಜಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತ ಹೋದರು. ಫ್ರಿಜ್ಜು ಹೋದಾಗ ನಮ್ಮವರು ಹತ್ತಿರದವರು ಯಾರೋ ಹೋದ ಹಾಗೆ ನಿಂತಿದ್ದರು. ನನಗೆ ಒಳಗೊಳಗೇ ಖುಷಿ. ಕೈಗೆ ಬರುವುದನ್ನೆಲ್ಲ ಕೊಳ್ಳುವ ಅವರ ಚಟಕ್ಕೆ ಯಾರಾದರೂ ಒಬ್ಬರು ಕಡಿವಾಣ ಹಾಕಿದರಲ್ಲ ಅಂತ.

ಗೋಡೆಯ ಲೆಕ್ಕ ಬಾಗಿಲಿನ ಚೀಟಿಯೊಳಗೆ ಬಂದ ಮೇಲೆಯೇ ಅವರು ಕಮಾನಿಗೆ ಕೈ ಹಾಕಿದ್ದು. ಗಾಳಿಚೀಲ ಬಿಚ್ಚಿಟ್ಟರು. ಎರಡೂ ಕಡೆ ಒಂದೊಂದು ಪಟ್ಟಾ ಹೆಚ್ಚು ಸೇರಿಸಿದರು, ಓಲಾಡದಿರಲು ಅಡ್ಡಕ್ಕೊಂದು ದಪ್ಪ ಸರಳು ಹಾಕಿದರು, ಹಿಂದಕ್ಕೆ ಗಟ್ಟಿ ಟೈರು ಹಾಕಿಸಿದರು. ಪಟ್ಟಾ ಬಿಗಿಯುವಾಗ ಮಾತಾಡುತ್ತಿರಲಿಲ್ಲ. ಎಡಗೈಯಿಂದ ಪಟ್ಟಾದ ಮೇಲೆ ಸವರುತ್ತ ಬಲಗೈಯಿಂದ ಪಾನಾ ತಿರುಗಿಸುತ್ತಿದ್ದರು, ಎಮ್ಮೆ ಮೈ ಸವರುತ್ತ ಹಾಲು ಕರೆಯುವವರ ಹಾಗೆ.

ಎರಡನೇ ಶನಿವಾರ ಚಹಾದ ಹೊತ್ತಿಗೆ ನಾನು ಕೇಳಿದೆ, "ಇಷ್ಟೆಲ್ಲ ಯಾಕೆ ಮೇಸ್ತ್ರಿ? ಜನ ಹೇಳಿದ್ದು ಹಾಕಿ ಕಳಿಸಿದರೆ ನಿಮಗೂ ಸಲೀಸು."

ಅವರು ಲೋಟ ಕೆಳಗಿಟ್ಟರು. "ಊರಾಗ ನಾ ಅದನ್ನ ಮಾಡ್ತಿದ್ನಿ ತಂಗಿ. ಲಾರಿಗೆ ಹೆಚ್ಚಿನ ಪಟ್ಟಾ ಹಾಕೂದ್ರಾಗ ನನ್ನ ಕೈ ಮೀರಿಸೋರು ಇದ್ದಿಲ್ಲ. ಹತ್ತು ಟನ್ನಿನ ಗಾಡಿಗೆ ಹದಿನೈದು ಹೇರಿದ್ರೂ ಬೆನ್ನು ಬಾಗಸ್ತಿದ್ದಿಲ್ಲ. ನಮ್ಮಣ್ಣನ ಲಾರಿಗೂ ಹಾಕಿದ್ನಿ. ಅರಬೈಲ್ ಘಟ್ಟ ಇಳಿಯೂ ಮುಂದ ಕಮಾನು ಮುರೀಲಿಲ್ಲ. ಒಂದು ಪಟ್ಟಾ ಸೈತ ಸೀಳಿದ್ದಿಲ್ಲ. ಬ್ರೇಕು ಹಿಡೀಲಿಲ್ಲ."

ಬೆರಳಿನ ಗ್ರೀಸು ಒರೆಸಿಕೊಳ್ಳುತ್ತ, "ಮಣ್ಣಿಗೆ ಬಂದ ಮಂದಿ ಎಲ್ಲಾ ನನ್ನ ಕಮಾನು ಗಟ್ಟಿ ಇತ್ತು ಅಂತ ಹೊಗಳಿದ್ರು" ಎಂದರು. ಮತ್ತೆ ಲೋಟ ಎತ್ತಿ ತಣ್ಣಗಾದ ಚಹಾ ಕುಡಿದರು. ವೇಬ್ರಿಜ್ಜಿನಲ್ಲಿ ಅವರ ಮೇಲೆ ರೇಗಿದ್ದಕ್ಕೆ ನನಗೆ ಆಗ ನಿಜವಾಗಿ ನಾಚಿಕೆಯಾಯಿತು. ಹಾಗಂತ ಬಾಯಿಬಿಟ್ಟು ಹೇಳಿದೆ ಕೂಡ. "ಬಿಡು ತಂಗಿ, ನನ್ನ ಮಗಳು ದಿನಾ ಒದರ್ತಾಳ, ಅದೂ ಇಂಗ್ಲಿಷಿನ್ಯಾಗ" ಎಂದರು.

ಅತ್ತೆ ಪ್ರತಿ ಶನಿವಾರ ಅವರಿಗೆ ಅಕ್ಕಿರೊಟ್ಟಿ ಕಟ್ಟಿ ಕಳಿಸಿದರು. ಡಬ್ಬಿ ವಾಪಸು ಬರುವಾಗ ಅದರೊಳಗೆ ಅವರ ಮನೆಯಾಕೆ ಕುಟ್ಟಿದ ಶೇಂಗಾ ಚಟ್ನಿಪುಡಿ ಇರುತ್ತಿತ್ತು. ಇನ್ನೊಬ್ಬರ ಮನೆಯ ನೀರು ಮುಟ್ಟಲೂ ಹತ್ತು ಸಲ ಯೋಚಿಸುವ ನಮ್ಮತ್ತೆ ಅದನ್ನು ಎಣ್ಣೆ ಹಾಕಿ ಕಲಸಿಕೊಂಡು, "ಖಾರ ಜಾಸ್ತಿ" ಅನ್ನುತ್ತಲೇ ಡಬ್ಬಿ ಮುಗಿಸುತ್ತಿದ್ದರು. ನಾನು ಕಂಡೂ ಕಾಣದ ಹಾಗೆ ಇದ್ದೆ.

ಹೊರಡುವ ದಿನ ಬೆಳಿಗ್ಗೆ, ಕರೆಯದೆಯೇ, ಮೇಸ್ತ್ರಿ ನಮ್ಮ ಪಾರ್ಕಿಂಗ್ ಲಾಟಿಗೆ ಬಂದರು. ಬೆರಳಿಟ್ಟು ಸಂದಿ ನೋಡಿದರು. ಟ್ಯಾಂಕು ತಟ್ಟಿದರು, ಕಕ್ಕಸಿಗೆ ಬೇಕಾಗುವಷ್ಟೇ ನೀರಿತ್ತು. ಆಮೇಲೆ ಒಂದು ಉದ್ದನೆ ಪಾನಾವನ್ನು ನಮ್ಮವರ ಕೈಗೆ ಕೊಟ್ಟರು. ಬೇಕಾದಷ್ಟು ಬಿಗಿಯಾದಾಗ ಟಕ್ ಅನ್ನುವಂಥದ್ದು.

"ಸರ, ಹೊಸ ಪಟ್ಟಾ ಇನ್ನೂ ಕುಂತಿಲ್ಲ. ಪಟ್ಟಾನ ಅಚ್ಚಿಗೆ ಹಿಡದಿಟ್ಟ ಈ ಬೋಲ್ಟು ಅದಾವಲ್ಲ, ಮುಕ್ಕಾಲು ತಾಸಿಗೊಮ್ಮೆ ನಿಂದ್ರಿಸಿ ಇವನ್ನ ನೋಡಬೇಕು. ನಾಕೂ ದಿನ. ಹತ್ತು ನಿಮಿಷ ಗಾಡಿ ಹಂಗ ನಿಂದರ್ಲಿ. ಮರತ್ರ ನನ್ನ ಜವಾಬ್ದಾರಿ ಇಲ್ಲ."

"ಮುಕ್ಕಾಲು ಗಂಟೆಗಾ?" ಎಂದೆ ನಾನು.

"ಮುಕ್ಕಾಲ. ತಾಸು ಆಗಬಾರದು."

ಅಷ್ಟು ಬಿರುಸಾಗಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಮ್ಮವರಿಗಂತೂ ಹೀಗೆ ಯಾರಾದರೂ ನಿಯಮ ಹೇಳಿಬಿಟ್ಟರೆ ವೇದವಾಕ್ಯ. ಕೈಗಡಿಯಾರದಲ್ಲಿ ಅಲಾರಂ ಇಟ್ಟರು. ಗೋಲ್ಡನ್ ಗೇಟ್ ಸೇತುವೆ ಮುಟ್ಟುವ ಮೊದಲೇ ಅದು ಒಂದು ಸಲ ಕೀಚ್ ಕೀಚ್ ಅಂದಿತು, ಸೇತುವೆ ದಾಟಿ ಇನ್ನೇನು ದಾರಿ ಚೆಂದವಾಯಿತು ಅನ್ನುವಷ್ಟರಲ್ಲಿ ಮತ್ತೊಂದು ಸಲ. ಎಕ್ಸಿಟ್ ಹಿಡಿದು ನಿಲ್ಲಿಸಿ, ಚಾಪೆ ಹಾಸಿ ಗಾಡಿ ಕೆಳಗೆ ತೂರಿದರು. ಟಕ್, ಟಕ್, ಟಕ್, ಟಕ್. ಎಲ್ಲಾ ಬಿಗಿಯಾಗಿಯೇ ಇತ್ತು. ಮತ್ತೆ ಮುಕ್ಕಾಲು ಗಂಟೆ, ಮತ್ತೆ ಚಾಪೆ. ದ್ರಾಕ್ಷಿತೋಟದ ಪಕ್ಕ, ಪೆಟ್ರೋಲ್ ಬಂಕಿನ ಹಿಂದೆ, ಚರ್ಚಿನ ಮುಂದೆ. ಅವರು ಗಾಡಿ ಕೆಳಗೆ, ಅತ್ತೆ ಕಾಲಾಡಿಸಲು ಹಿಂದಕ್ಕೆ, ನಾನು ರಸ್ತೆಯಲ್ಲಿ ನಿಂತು ಮೇಸ್ತ್ರಿಗೆ ಬೈಯುವುದು. "ಇದೆಂಥ ಕರ್ಮ, ಹೀಗೆ ಹೋದ್ರೆ ಮರ ನೋಡೋದು ಮುಂದಿನ ವರ್ಷ" ಎಂದೆ. "ನನಗೇನೂ ಅವಸರ ಇಲ್ಲ ಕಣೇ" ಎಂದರು ಅತ್ತೆ.

ಆದರೆ ಗಾಡಿಯ ಬಗ್ಗೆ ಹೇಳಲೇಬೇಕು. ತಿರುವಿನಲ್ಲಿ ಓಲಾಡಲಿಲ್ಲ, ಇಳಿಜಾರಿನಲ್ಲಿ ತಳ್ಳಲಿಲ್ಲ, ಲೈಟು ರಸ್ತೆಯನ್ನೇ ನೋಡಿತು. ಎರಡನೇ ದಿನ ರೆಡ್‌ವುಡ್ ಕಾಡು ತಲುಪಿದೆವು. ಅತ್ತೆ ಒಂದು ಮರದ ಬುಡಕ್ಕೆ ಎರಡೂ ಕೈ ಇಟ್ಟು ಮೇಲೆ ನೋಡಿ ನೋಡಿ, "ಅಬ್ಬಬ್ಬಾ" ಎಂದರು. ಕ್ಯಾಂಪರಿನ ಎರಡು ಒಲೆಯಲ್ಲಿ ತಾವೇ ಅನ್ನ ಸಾರು ಮಾಡಿದರು, ಪಕ್ಕದ ಟೆಂಟಿನ ಬಿಳಿಯರಿಗೆ ಕನ್ನಡದಲ್ಲೇ ವಿಚಾರಿಸಿ ಕಾಫಿ ಕೊಟ್ಟರು. ಮೂರನೇ ದಿನ ಸಮುದ್ರದ ಪಕ್ಕ ಹೋಗುವಾಗ ಹಿಂದಿನ ಸೀಟಿನಿಂದ ಹಾಡು ಕೇಳಿಸಿತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮವರು ಕನ್ನಡಿಯಲ್ಲಿ ತಾಯಿಯನ್ನೇ ನೋಡುತ್ತಿದ್ದರು. "ಮುಂದೆ ನೋಡಿ ಓಡಿಸ್ರೀ" ಎಂದು ಗದರಿದೆ, ನನ್ನ ಕಣ್ಣೂ ಒದ್ದೆಯಾಗಿತ್ತು.

ಅತ್ತೆ ಊರಿಗೆ ಹೋದರು. ಒಂದೆರಡು ವರ್ಷಕ್ಕೆ ಡಾಟ್‌ಕಾಂ ಬಲೂನು ಒಡೆಯಿತು. ನಮ್ಮವರ ಸ್ಟಾರ್ಟ್‌ಅಪ್ಪು ಮುಚ್ಚಿತು, ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಆಗ ಮೇಸ್ತ್ರಿಯ ಹತ್ತಿರ ಬರುತ್ತಿದ್ದವರು ಬೇರೆ ಥರದವರು. ಇಡೀ ಮನೆಯನ್ನೇ ಗಾಡಿಗೆ ಹೇರಿ ಬೇರೆ ರಾಜ್ಯಕ್ಕೆ ಹೊರಟವರು. ಅವರನ್ನೂ ಕೂರಿಸಿ, ತೂಗಿಸಿ, "ಎಲ್ಲಾ ಒಯ್ಯಬ್ಯಾಡ್ರಿ, ಬೇಕಾದ್ದಷ್ಟ ಒಯ್ರಿ" ಅನ್ನುತ್ತಿದ್ದರು. ಒಬ್ಬ ಹುಡುಗ ದೊಡ್ಡ ಸೋಫಾ ಬಿಟ್ಟುಹೋಗಿದ್ದ. ಕೊನೆಯವರೆಗೂ ಅದು ಗ್ಯಾರೇಜಿನಲ್ಲೇ ಇತ್ತು, ಗಿರಾಕಿಗಳು ಕೂರುವುದಕ್ಕೆ.

ಮಗಳ ಫೋನ್ ಬಂದ ಮೇಲೆ ಒಂದು ಮಧ್ಯಾಹ್ನ ಆ ಶೆಡ್ಡಿಗೆ ಹೋದೆ. ನಮ್ಮವರಿಗೆ ಆಫೀಸಿತ್ತು. ಬ್ರೇಕ್ ಕೆಲಸದ ಮೆಕ್ಸಿಕನ್ ಇದ್ದ, ಅವನ ತಲೆಯೂ ನರೆತಿತ್ತು. ಇಬ್ಬರೂ ಆ ಸೋಫಾದ ಮೇಲೆ ಕೂತು ಮೇಸ್ತ್ರಿಯ ವಿಷಯ ಮಾತಾಡಿದೆವು. ಎಷ್ಟು ಜಾಗರೂಕ ಮನುಷ್ಯ ಅಂತ ಹೇಳಲು ಹೋಗಿ ನಾನು ನಮ್ಮ ಪ್ರಯಾಣದ ಕಥೆ, ಮುಕ್ಕಾಲು ಗಂಟೆಗೊಮ್ಮೆ ಬೋಲ್ಟು ನೋಡಿಸಿದ ಕಥೆ ಹೇಳಿದೆ. ಅವನು ಹುಬ್ಬು ಗಂಟಿಕ್ಕಿದ.

"ಎಷ್ಟು ಹೊತ್ತಿಗೊಮ್ಮೆ?" ಎಂದು ಮತ್ತೆ ಕೇಳಿದ. "ಆ ಬೋಲ್ಟನ್ನು ಮೊದಲ ದಿನ ಒಂದು ಸಲ ನೋಡಿ ಬಿಗಿದರೆ ಆಯಿತು. ಅವನು ಎಲ್ಲರಿಗೂ ಹಾಗೇ ಹೇಳುತ್ತಿದ್ದ. ಇಪ್ಪತ್ತು ವರ್ಷ ಪಕ್ಕದಲ್ಲಿದ್ದೆ, ಮುಕ್ಕಾಲು ಗಂಟೆ ಅಂದದ್ದನ್ನು ನಾನು ಕೇಳಿಲ್ಲ."

ಚಾಪೆ, ಪಾನಾ, ಟಕ್ ಟಕ್, ಆ ಹೊತ್ತಿಗೆ ಸರಿಯಾಗಿ ಹಿಂದೆ ಕ್ಯಾಂಪರಿಗೆ ಹೋಗಿ ಬರುತ್ತಿದ್ದ ಅತ್ತೆ. ನಾಲ್ಕು ದಿನದಲ್ಲಿ ಅವರು ಒಂದೇ ಒಂದು ಸಲವೂ 'ನಿಲ್ಸಪ್ಪ' ಅಂದಿರಲಿಲ್ಲ. ಅನ್ನುವ ಪ್ರಸಂಗವೇ ಬಂದಿರಲಿಲ್ಲ. ಪಕ್ಕದಲ್ಲೇ ಇದ್ದ ನನಗೆ, ಸೊಸೆಗೆ, ಹೆಣ್ಣಿಗೆ, ಅದು ಹೊಳೆದಿರಲಿಲ್ಲವಲ್ಲ! ಇಷ್ಟು ವರ್ಷ ಆ ಮನುಷ್ಯ ನಮ್ಮ ಮನೆಗೆ ಬಂದು ಹೋಗಿ ಮಾಡಿದ್ದಾರೆ, ಒಂದು ಸಲವಾದರೂ ಬಾಯಿ ಬಿಟ್ಟಿದ್ದರೆ ಕೇಳಿ.

ಮನೆಗೆ ಬಂದು ಹಾಸನಕ್ಕೆ ಫೋನ್ ಮಾಡಿದೆ. ಅತ್ತೆ ಈಗ ಮಗಳ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಮೇಸ್ತ್ರಿ ಹೋದರು ಎಂದೆ. ಆಮೇಲೆ ಬೋಲ್ಟಿನ ವಿಷಯ ಹೇಳಿದೆ.

"ನನಗೆ ಆವತ್ತೇ ಗೊತ್ತಾಯ್ತು" ಎಂದರು. "ಅವರು ಹೇಳ್ತಿದ್ದಿದ್ದು ನನ್ನ ಮಗನಿಗೆ, ಆದ್ರೆ ಮುಕ್ಕಾಲು ಅಂದಾಗ ಒಂದ್ಸಲ ನನ್ನ ಕಡೆ ನೋಡಿದ್ರು ಕಣೇ. ನಾನು ಹೂಂ ಅಂತ ತಲೆ ಆಡಿಸ್ದೆ. ಊರಿಗೆ ಹೊರಡೋ ಮುಂಚೆ ಏನಾದ್ರೂ ಹೇಳ್ಬೇಕು ಅಂದ್ಕೊಂಡೆ. ಏನಂತ ಹೇಳೋದು? ರೊಟ್ಟಿ ಮಾಡಿ ಕಳಿಸ್ದೆ." ಮೂಗು ಸೊರಗುಟ್ಟಿದ್ದು ಕೇಳಿಸಿತು. "ಇವನಿಗೆ ಹೇಳಬೇಡ. ನಿಲ್ಸಿದ್ದು ಬೋಲ್ಟಿಗೇ ಅಂತ ಅಂದ್ಕೊಂಡಿರ್ಲಿ."

ಸಂಜೆ ನಮ್ಮವರು ಬಂದು ಬೂಟು ಬಿಚ್ಚುತ್ತ, "ಅಮ್ಮನಿಗೆ ಹೇಳಿದ್ಯಾ? ಏನಂದ್ರು?" ಎಂದರು.

"ತುಂಬಾ ಬೇಜಾರು ಮಾಡ್ಕೊಂಡ್ರು" ಎಂದೆ.

ಅವರು ಬೂಟನ್ನು ಮೂಲೆಗೆ ಸರಿಸಿದರು. "ಎಂಥ ಕೆಲಸಗಾರ ಅಲ್ವಾ? ಆ ನಾಲ್ಕು ದಿನ ಎಷ್ಟು ಸಲ ನೋಡಿದೆ ನಾನು! ಒಂದೇ ಒಂದು ಬೋಲ್ಟೂ ಸಡಿಲ ಆಗಿರಲಿಲ್ಲ."

"ಹೂಂ, ಆಗಿರಲಿಲ್ಲ" ಎಂದೆ.